ಅಣಬೆ ಪುಡಿ ಸಿಕ್ಕಿದೆ ಅಂತ ಕೀಮೋ ಬಿಡಬಹುದಾ?

ನಿಮ್ಮ ದೊಡ್ಡಮ್ಮನಿಗೆ ಹೊಟ್ಟೆಯ ಕ್ಯಾನ್ಸರ್. ಚಿತ್ರದುರ್ಗದ ಮನೆಗೆ ಯಾರೋ ಅಣಬೆ ಪುಡಿಯ ಡಬ್ಬಿ ತಂದುಕೊಟ್ಟು, "ಇದರಲ್ಲಿ ಶೇಕಡಾ 40 ಪಾಲಿಸ್ಯಾಕರೈಡ್ ಇದೆ, ಕೀಮೋ ಬೇಡ" ಅಂದಿದ್ದಾರೆ. ಇದು ನಿಜವಾ ಅಂತ ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ದಯವಿಟ್ಟು ಕೀಮೋ ನಿಲ್ಲಿಸಬೇಡಿ. ನಮ್ಮ ಸೋದರಮಾವ ಇಂಥದೇ ಡಬ್ಬಿ ನಂಬಿ ಎರಡು ತಿಂಗಳು ಚಿಕಿತ್ಸೆ ಮುಂದೂಡಿದ್ದರು. ಆ ಎರಡು ತಿಂಗಳು ಮತ್ತೆ ಸಿಗಲಿಲ್ಲ.

ಹಾಗಂತ ಅಣಬೆಯಲ್ಲಿ ಏನೂ ಇಲ್ಲ ಅಂತಲ್ಲ. ದಾವಣಗೆರೆಯಲ್ಲಿ ಫಾರ್ಮಸಿ ಓದುವಾಗ ನನ್ನ ಪ್ರಾಜೆಕ್ಟ್ ಇದರ ಮೇಲೇ ಇತ್ತು. ಭತ್ತದ ಹುಲ್ಲಿನಲ್ಲಿ ಬೆಳೆದ ಚಿಪ್ಪು ಅಣಬೆಯನ್ನು ಒಣಗಿಸಿ, ಪುಡಿ ಮಾಡಿ, ಗಂಟೆಗಟ್ಟಲೆ ನೀರಲ್ಲಿ ಕುದಿಸುತ್ತಿದ್ದೆವು. ಸೋಸಿ, ನೀರು ಇಂಗಿಸಿ, ಆಲ್ಕೋಹಾಲ್ ಸುರಿದರೆ ಬಿಳಿ ಎಳೆಗಳು ಮೂಡಿ ಮೆಲ್ಲಗೆ ತಳಕ್ಕಿಳಿಯುತ್ತವೆ. ಮೊದಲ ಸಲ ಅದನ್ನು ಕಂಡ ದಿನ ಊಟ ಮರೆತು ನೋಡುತ್ತಾ ನಿಂತಿದ್ದೆ.

ಆ ಎಳೆಗಳೇ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಕೊಂಡಿಗಳ ಉದ್ದನೆಯ ಸರಪಳಿ. ಅಕ್ಕಿಯ ಪಿಷ್ಟವೂ ಗ್ಲೂಕೋಸ್ ಸರಪಳಿಯೇ. ಆದರೆ ಅಣಬೆಯಲ್ಲಿರುವ ಪಾಲಿಸ್ಯಾಕರೈಡ್ ಆದ ಬೀಟಾ-ಗ್ಲುಕಾನ್‌ನಲ್ಲಿ ಕೊಂಡಿ ಬೆಸೆದಿರುವ ರೀತಿ ಬೇರೆ. ಅಷ್ಟಕ್ಕೇ ಎಲ್ಲ ಬದಲಾಗುತ್ತದೆ! ನಮ್ಮ ಜೀರ್ಣರಸ ಅದನ್ನು ಒಡೆಯಲಾರದು. ಬಿಳಿ ರಕ್ತಕಣಗಳ ಮೈಮೇಲಿರುವ ಡೆಕ್ಟಿನ್-1 ಎಂಬ ಪ್ರೋಟೀನ್ ಮಾತ್ರ ಅದನ್ನು ತಕ್ಷಣ ಗುರುತಿಸುತ್ತದೆ. ಬೂಷ್ಟಿನ ಜಾತಿಯದ್ದು ಏನೋ ಒಳಗೆ ಬಂತು ಎಂದು ಆ ಕಣಗಳು ಎಚ್ಚರಗೊಳ್ಳುತ್ತವೆ. ಅಂದರೆ ಇದರ ಮುಖ್ಯ ಕೆಲಸ ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಲ್ಲ, ಕಾವಲುಗಾರರನ್ನು ಎಬ್ಬಿಸುವುದು.

ಜಪಾನಿನಲ್ಲಿ ಶಿಟಾಕೆ ಅಣಬೆಯಿಂದ ತೆಗೆದ ಇಂಥದೇ ಪಾಲಿಸ್ಯಾಕರೈಡ್ ಲೆಂಟಿನಾನ್‌ಗೆ ಹೊಟ್ಟೆಯ ಕ್ಯಾನ್ಸರ್‌ಗೆಂದೇ 1985ರಲ್ಲಿ ಒಪ್ಪಿಗೆ ಸಿಕ್ಕಿತು. ಡಬ್ಬಿ ಮಾರುವವರು ಇದನ್ನೇ ಹೇಳುತ್ತಾರೆ. ಆದರೆ ಅದು ಶುದ್ಧ ಮಾಡಿದ ಇಂಜೆಕ್ಷನ್. ಕೊಡುತ್ತಿದ್ದುದು ಟೆಗಾಫರ್ ಎಂಬ ಕೀಮೋ ಔಷಧದ ಜೊತೆಗೆ, ಅದರ ಬದಲಿಗೆ ಅಲ್ಲ. ಚಮಚದಲ್ಲಿ ನುಂಗುವ ಪುಡಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಇಂಥ ಪುಡಿಗಳಲ್ಲಿ ಬಳಸುವ ರೀಶಿ ಎಂಬ ಇನ್ನೊಂದು ಅಣಬೆಯ ಬಗ್ಗೆ ಕೊಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆ 2016ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಕ್ಯಾನ್ಸರ್‌ಗೆ ಮೊದಲ ಚಿಕಿತ್ಸೆಯಾಗಿ ಬಳಸುವಷ್ಟು ಪುರಾವೆ ಇಲ್ಲ ಎಂದಿತ್ತು.

ಇನ್ನು ಆ ಶೇಕಡಾ 40. ಕೆಲವರು ಅಣಬೆಯ ಬೇರಿನಂಥ ಎಳೆಗಳನ್ನು ಅಕ್ಕಿ, ಜೋಳದ ಕಾಳಿನ ಮೇಲೆ ಬೆಳೆಸಿ, ಕಾಳಿನ ಸಮೇತ ಅರೆದು ಮಾರುತ್ತಾರೆ. ಆ ಕಾಳಿನ ಪಿಷ್ಟವೂ ಲೆಕ್ಕಕ್ಕೆ ಪಾಲಿಸ್ಯಾಕರೈಡೇ ಅಲ್ವಾ? ಮನೆಯಲ್ಲೇ ನೋಡಬಹುದು. ಚಿಟಿಕೆ ಪುಡಿಯನ್ನು ಬಿಸಿನೀರಲ್ಲಿ ಕದಡಿ, ಪೂರ್ತಿ ಆರಿದ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ ಎರಡು ಹನಿ ಹಾಕಿ. ಕಡು ನೀಲಿಗೆ ತಿರುಗಿದರೆ ಅದರಲ್ಲಿ ಪಿಷ್ಟ ಇದೆ. ನೀಲಿ ಆಗಲಿಲ್ಲ ಅಂದ ಮಾತ್ರಕ್ಕೆ ಅದು ಔಷಧಿಯೂ ಅಲ್ಲ.

ಈಗಾಗಲೇ ಕೊಡುತ್ತಿದ್ದರೆ ಡಾಕ್ಟರ್ ಬೈತಾರೆ ಅಂತ ಮುಚ್ಚಿಡಬೇಡಿ. ರೀಶಿ ಪುಡಿಯಿಂದ ಲಿವರ್‌ಗೆ ಪೆಟ್ಟಾದ ವರದಿಗಳಿವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಭಯವೂ ಇದೆ. ಮುಂದಿನ ಕೀಮೋಗೆ ಹೋಗುವಾಗ ಆ ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ. ದೊಡ್ಡಮ್ಮನಿಗೆ ಅಣಬೆ ಇಷ್ಟ ಅಂದರೆ ಅಂಗಡಿಯ ಅಣಬೆ ತಂದು, ಚೆನ್ನಾಗಿ ಬೇಯಿಸಿ, ಸಾರು ಮಾಡಿಕೊಡಿ.