ಜಾಲತಾಣ ಸರಿಯಿದೆ, ಇಮೇಲ್ ಏಕೆ ಚೆದುರುತ್ತದೆ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಒಣಮೆಣಸಿನಕಾಯಿ ವ್ಯಾಪಾರ. ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ವಿನ್ಯಾಸದ ಕೋಡ್ ಬಳಸಿ ಮಾಡಿದ ಜಾಲತಾಣ ಮೊಬೈಲ್‌ನಲ್ಲೂ ಚೆನ್ನಾಗಿ ಕಾಣುತ್ತದೆ. ಅದರಲ್ಲಿನ ದರಪಟ್ಟಿಯನ್ನೇ ಇಮೇಲ್‌ಗೆ ಹಾಕಿ ಕಳುಹಿಸಿದರೆ ಡಬ್ಬಿ ತಳಿ ಯಾವುದು, ಕಡ್ಡಿ ತಳಿ ಯಾವುದು, ಯಾವುದಕ್ಕೆ ಎಷ್ಟು ದರ ಎಂದೇ ತಿಳಿಯುವುದಿಲ್ಲ. ಏನು ಮಾಡಬೇಕು?

ಉತ್ತರ: ಜಾಲತಾಣದ ಕೋಡ್ ಅನ್ನು ಇಮೇಲ್‌ಗೆ ತರುವುದನ್ನು ಮೊದಲು ಬಿಡಿ. ಬೂಟ್‌ಸ್ಟ್ರ್ಯಾಪ್‌ನ ಹನ್ನೆರಡು ಅಂಕಣಗಳ ವಿನ್ಯಾಸ ನಿಂತಿರುವುದು ಹೊರಗಿನ ಸಿಎಸ್‌ಎಸ್ (ಬಣ್ಣ, ಅಳತೆ, ಜೋಡಣೆ ಹೇಳುವ ಶೈಲಿ) ಕಡತದ ಮೇಲೆ. ಜಿಮೇಲ್ ಆ ಕೊಂಡಿಯನ್ನೇ ಕಿತ್ತುಹಾಕುತ್ತದೆ. ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್ 2007ರ ಆವೃತ್ತಿಯಿಂದಲೂ ಇಮೇಲ್ ತೋರಿಸಲು ವರ್ಡ್ ತಂತ್ರಾಂಶದ ಎಂಜಿನ್ ಬಳಸುತ್ತದೆ. ಬೂಟ್‌ಸ್ಟ್ರ್ಯಾಪ್ ಅಂಕಣ ಜೋಡಿಸಲು ಬಳಸುವ ಫ್ಲೆಕ್ಸ್‌ಬಾಕ್ಸ್ ವಿಧಾನ ಅದಕ್ಕೆ ಅರ್ಥವಾಗುವುದಿಲ್ಲ.

ಹಾಗಾಗಿ ಇಮೇಲ್‌ಗೆ ಇಂದಿಗೂ ಟೇಬಲ್ಲೇ (ಸಾಲು-ಕೋಣೆಗಳ ಕೋಷ್ಟಕ) ಗತಿ. 600 ಪಿಕ್ಸೆಲ್ ಮೀರದ ಒಂದೇ ಅಂಕಣ, ಶೈಲಿಯೆಲ್ಲ ಕೋಡ್‌ನ ಆಯಾ ಟ್ಯಾಗ್‌ನೊಳಗೇ. ಪರದೆಯ ಅಗಲ ನೋಡಿ ಶೈಲಿ ಬದಲಿಸುವ ಮೀಡಿಯಾ ಕ್ವೆರಿಯನ್ನು ಜಿಮೇಲ್ 2016ರಿಂದ ಒಪ್ಪುತ್ತದೆ, ನಿಜ. ಆದರೆ ಜಿಮೇಲ್ ಆ್ಯಪ್‌ನಲ್ಲೇ ಬೇರೆ ಕಂಪನಿಯ ಖಾತೆ ತೆರೆದವರಿಗೆ ಅದು ಕೆಲಸ ಮಾಡದೆ ಹೋಗಬಹುದು. ಅದಿಲ್ಲದೆಯೂ ಓದಲು ಬರುವಂತೆ ಇಮೇಲ್ ಕಟ್ಟಿ, ಮೀಡಿಯಾ ಕ್ವೆರಿಯನ್ನು ಮೇಲಿನ ಅಲಂಕಾರಕ್ಕೆ ಮಾತ್ರ ಇಟ್ಟುಕೊಳ್ಳಿ. ಇಷ್ಟನ್ನೂ ಕೈಯಲ್ಲಿ ಬರೆಯುವುದು ಬೇಸರದ ಕೆಲಸ. ಎಂಜೆಎಂಎಲ್ ಎಂಬ ಮುಕ್ತ ತಂತ್ರಾಂಶ ನಿಮ್ಮ ಪರವಾಗಿ ಟೇಬಲ್ ಬರೆದುಕೊಡುತ್ತದೆ. ಒಂದು ಎಚ್ಚರ: ಅದರ ಅಂಕಣಗಳು ಮೊಬೈಲ್‌ನಲ್ಲಿ ಒಂದರ ಕೆಳಗೊಂದು ಕೂರುತ್ತವೆ. ತಳಿಯೂ ದರವೂ ಒಂದೇ ಸಾಲಿನಲ್ಲಿ ಉಳಿಯಬೇಕಾದರೆ ಅದರಲ್ಲಿರುವ ಟೇಬಲ್ ಘಟಕವನ್ನೇ ಬಳಸಬೇಕು.

ಇನ್ನು ಕನ್ನಡದ ವಿಷಯ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಿಗುವುದು ಅಪರೂಪ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ನಾಲ್ಕು ಸಂಕೇತಗಳ ‘ಬ್ಯಾ’ ಎಂಬುದಕ್ಕೇ ಹನ್ನೆರಡು. ಸುಮಾರು 102 ಕಿಲೋಬೈಟ್ ದಾಟಿದ ಇಮೇಲನ್ನು ಜಿಮೇಲ್ ನಡುವೆಯೇ ಕತ್ತರಿಸುತ್ತದೆ. ಪಟ್ಟಿಯ ಕೊನೆಯ ದರ ಕಾಣದ ಖರೀದಿದಾರ ಬೇರೆ ಅಂಗಡಿಗೆ ಫೋನ್ ಮಾಡುತ್ತಾನೆ. ಆದ್ದರಿಂದ ಅನಗತ್ಯ ಕೋಡ್ ತೆಗೆಯಿರಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಎತ್ತರ 1.6ರಷ್ಟಿರಲಿ, ಬಟನ್‌ಗೆ ನಿಗದಿತ ಎತ್ತರ ಕೊಡಬೇಡಿ. ಜಾಲದಿಂದ ಇಳಿಸಿಕೊಳ್ಳುವ ವೆಬ್ ಫಾಂಟ್ ಜಿಮೇಲ್‌ನಲ್ಲಿ ಬರುವುದಿಲ್ಲ. ಸಾಧನದಲ್ಲೇ ಇರುವ ನೋಟೊ ಸಾನ್ಸ್ ಕನ್ನಡ ಅಥವಾ ನಿರ್ಮಲಾ ಫಾಂಟ್ ಸಾಕು.

ಅಕ್ಷರ ಕೆಡುತ್ತದೆಂದು ದರಪಟ್ಟಿಯನ್ನು ಚಿತ್ರವಾಗಿಸಿ ಕಳುಹಿಸುವವರು ನಮ್ಮ ಭಾಗದಲ್ಲಿ ಬಹಳ. ದಯವಿಟ್ಟು ಬೇಡ. ಎಷ್ಟೋ ಕಚೇರಿಗಳ ಔಟ್‌ಲುಕ್‌ನಲ್ಲಿ ಚಿತ್ರ ತಾನಾಗಿ ತೆರೆಯುವುದಿಲ್ಲ, ಅಂಕಿಯನ್ನು ನಕಲಿಸಿಕೊಳ್ಳಲೂ ಬರುವುದಿಲ್ಲ. ಅಕ್ಷರದಲ್ಲೇ ಬರೆದು, ಮೊದಲ ಪ್ರತಿಯನ್ನು ನಿಮ್ಮ ಮೊಬೈಲ್‌ಗೂ ಔಟ್‌ಲುಕ್ ಇರುವ ಹುಬ್ಬಳ್ಳಿಯ ಖರೀದಿದಾರರೊಬ್ಬರಿಗೂ ಕಳುಹಿಸಿ ನೋಡಿ.