ಹಾಸನದಲ್ಲಿ ಕೂತು ಅರೋರಾ (ಧ್ರುವಪ್ರದೇಶದ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ಮೇಲೆ ಪ್ರಾಜೆಕ್ಟ್ ಮಾಡಬಹುದಾ? ಇಲ್ಲಿನ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಡೇಟಾ ಸಿಗುತ್ತಾ?

ಎಂಸಿಎಫ್‌ನಲ್ಲಿ ಸಿಗೋದಿಲ್ಲ. ಅವರು ನೋಡಿಕೊಳ್ಳುವುದು ಸುಮಾರು 36,000 ಕಿ.ಮೀ. ಎತ್ತರದ ಇನ್ಸಾಟ್, ಜಿಸ್ಯಾಟ್‌ಗಳನ್ನು. ಆದರೆ ಪ್ರಾಜೆಕ್ಟ್ ಧಾರಾಳವಾಗಿ ಮಾಡಬಹುದು, ಲ್ಯಾಪ್‌ಟಾಪ್ ಸಾಕು. ಆಕಾಶ ನೋಡುತ್ತಾ ಮಾತ್ರ ಕಾಯಬೇಡಿ. 2024ರ ಮೇ ತಿಂಗಳ ಸೌರಬಿರುಗಾಳಿಯಲ್ಲೂ ಕೆಂಪು ಛಾಯೆ ಸಿಕ್ಕಿದ್ದು ಲಡಾಖಿನ ಹಾನ್ಲೆಯ ಕ್ಯಾಮೆರಾಗಳಿಗೆ.

ನನ್ನ ಸಲಹೆ ಸ್ವಾರ್ಮ್. 2013ರ ನವೆಂಬರ್‌ನಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ಮೂರು ಉಪಗ್ರಹಗಳಿವು. ಅವುಗಳ ಡೇಟಾ ಕೊಡುವ ವೈರ್ಸ್ (VirES) ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿ, ಸ್ವಾರ್ಮ್ ‘ಎ’ಯ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯುವ ಉಪಕರಣ) ಡೇಟಾದಲ್ಲಿ 2024ರ ಮೇ 10 ಆರಿಸಿ. ಅಲ್ಲಿರುವುದು ಯುಟಿಸಿ, ಅಂದರೆ ಜಾಗತಿಕ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಹೊಸಬರು ಬೇರೆ ರಾತ್ರಿಯ ಗ್ರಾಫ್ ಹಿಡಿದು ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಮುಖ್ಯ ಕೆಲಸ ಕಳೆಯುವುದು. ಧ್ರುವದ ಕಡೆ ಭೂಮಿಯ ಕಾಂತಕ್ಷೇತ್ರವೇ ಸುಮಾರು 50,000 ನ್ಯಾನೊಟೆಸ್ಲಾ, ನಮಗೆ ಬೇಕಾದದ್ದು ಅರೋರಾದ ಜೊತೆ ಹರಿಯುವ ಕರೆಂಟು ಅದರ ಮೇಲೆ ಮೂಡಿಸುವ ಕೆಲವು ನೂರರ ಏರಿಳಿತ. ಭೂಮಿಯ ಕಾಂತಕ್ಷೇತ್ರದ ಲೆಕ್ಕ ಕೊಡುವ ಕೇಆಸ್ (CHAOS) ಮಾದರಿಯನ್ನು ಕಳೆದು, ಉಳಿದದ್ದರ ಪೂರ್ವ ದಿಕ್ಕಿನ ಘಟಕ ನೋಡಿ. 10 ಕಿ.ಮೀ.ಯಲ್ಲಿ ಅದು 100 ನ್ಯಾನೊಟೆಸ್ಲಾ ಬದಲಾದರೆ, ಆ ಬದಲಾವಣೆಯನ್ನು ದೂರದಿಂದಲೂ ಮ್ಯೂ ನಾಟ್ ಎಂಬ ಕಾಂತೀಯ ಸ್ಥಿರಾಂಕದಿಂದಲೂ (1.2566×10⁻⁶) ಭಾಗಿಸಿ. ಚದರ ಮೀಟರಿಗೆ ಸುಮಾರು 8 ಮೈಕ್ರೋಆಂಪಿಯರ್ ಬರುತ್ತದೆ. ಕಾಂತರೇಖೆಗುಂಟ ಹರಿಯುವ ಕರೆಂಟು ಇದೇ. ಅದು ಮೇಲ್ಮುಖವಾಗಿದ್ದರೆ ಎಲೆಕ್ಟ್ರಾನ್‌ಗಳು ಕೆಳಕ್ಕೆ ಸುರಿಯುತ್ತಿವೆ. ಹಸಿರು ಬೆಳಕು ಹುಡುಕಬೇಕಾದದ್ದು ಅಲ್ಲಿ, 100ರಿಂದ 150 ಕಿ.ಮೀ. ಎತ್ತರದಲ್ಲಿ.

ಲೆಕ್ಕ ಕೆಡುವುದು ವೇಗದಿಂದ. ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿ.ಮೀ. ಓಡುತ್ತದೆ. ಹಾಸನದಿಂದ ಬೇಲೂರಿಗೆ ಐದಾರು ಸೆಕೆಂಡು ಅನ್ನಿ! ಸೆಕೆಂಡಿಗೆ ಒಂದೇ ಅಳತೆಯ ಕಡತ ತೆಗೆದುಕೊಂಡರೆ ಕರೆಂಟಿನ ತೆಳುವಾದ ಪಟ್ಟಿಗಳು ಎರಡು ಚುಕ್ಕಿಗಳ ನಡುವೆ ತಪ್ಪಿಹೋಗುತ್ತವೆ. ಸೆಕೆಂಡಿಗೆ 50 ಅಳತೆಯದ್ದು ದೊಡ್ಡ ಕಡತ, ಆದರೂ ಅದನ್ನೇ ಇಳಿಸಿ.

ಇನ್ನೊಂದು ತೊಡಕು: ಕಂಡ ಏರಿಳಿತ ಜಾಗದ್ದೋ ಕಾಲದ್ದೋ ಅನ್ನೋದು ಒಂದೇ ಉಪಗ್ರಹದಿಂದ ತಿಳಿಯದು. ಮೇಲಿನ ಭಾಗಾಕಾರವೂ ಕರೆಂಟು ಪೂರ್ವ-ಪಶ್ಚಿಮವಾಗಿ ಹಾಸಿದ ಹಾಳೆಯಂತಿದ್ದು, ಅಷ್ಟು ಹೊತ್ತು ಅಲುಗದೆ ನಿಂತಿದೆ ಎಂಬ ನಂಬಿಕೆಯ ಮೇಲೇ ನಿಂತಿದೆ. ಅದಕ್ಕೇ ‘ಎ’ಯ ಪಕ್ಕದಲ್ಲೇ ಸಾಗುವ ‘ಸಿ’ಯ ಗ್ರಾಫನ್ನೂ ಇಟ್ಟು ನೋಡಿ. ಆಕಾರ ಹೊಂದಿದರೆ ಮುಂದುವರಿಯಿರಿ, ಇಲ್ಲವಾದರೆ ಆ ಸುತ್ತು ಬಿಟ್ಟುಬಿಡಿ. 86 ಡಿಗ್ರಿ ಅಕ್ಷಾಂಶದ ಮೇಲಿನ ಸಾಲುಗಳನ್ನೂ ಅಷ್ಟೇ: ಧ್ರುವದ ಹತ್ತಿರ ‘ಪೂರ್ವ’ವೇ ಸರ್ರನೆ ತಿರುಗಿ, ಇಲ್ಲದ ಕರೆಂಟು ಕಾಣುತ್ತದೆ.