ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ಡಾಕ್ಟರ್ ಮೆಡಿಟರೇನಿಯನ್ ಡಯಟ್ ಅಂದರು. ನಿಜಕ್ಕೂ ಉಪಯೋಗ ಇದೆಯಾ?

ನಿಮ್ಮ ಪ್ರಶ್ನೆ ಓದಿದೆ. ತಂದೆಯವರಿಗೆ 61 ವರ್ಷ, ಮೂರು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಮನೆಗೆ ಕಳಿಸುವಾಗ ಡಾಕ್ಟರ್ ಒಂದೇ ಮಾತಲ್ಲಿ ಮೆಡಿಟರೇನಿಯನ್ ಊಟ ಕೊಡಿ ಅಂದಿದ್ದಾರೆ. ಇದರಿಂದ ಏನು ಪ್ರಯೋಜನ, ಅಷ್ಟೊಂದು ದುಡ್ಡು ಕೊಟ್ಟು ಆಲಿವ್ ಎಣ್ಣೆ ತರಲೇಬೇಕಾ ಅಂತ ಕೇಳಿದ್ದೀರಿ.

ಮೆಡಿಟರೇನಿಯನ್ ಊಟ ಅಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗ್ರೀಸ್, ಸ್ಪೇನ್ ಕಡೆಯ ಹಳೇ ಕಾಲದ ಊಟ: ಸೊಪ್ಪು, ತರಕಾರಿ, ಕಾಳು, ಮೀನು, ಆಲಿವ್ ಎಣ್ಣೆ ಜಾಸ್ತಿ, ಮಾಂಸ, ಬೆಣ್ಣೆ ಕಡಿಮೆ. ಪ್ರಯೋಜನ ಖಂಡಿತ ಇದೆ. ಹೃದಯದ ಮಟ್ಟಿಗೆ ಇಷ್ಟು ಗಟ್ಟಿ ಪುರಾವೆ ಇರುವ ಊಟದ ಪದ್ಧತಿ ಇನ್ನೊಂದು ಸಿಗುವುದು ಕಷ್ಟ. ಆದರೆ ಈಗ ತಿನ್ನುತ್ತಿರುವುದರ ಮೇಲೆಯೇ ಎರಡು ಚಮಚ ಆಲಿವ್ ಎಣ್ಣೆ ಹಾಕಿಕೊಂಡರೆ ಏನೂ ಆಗುವುದಿಲ್ಲ. ತಟ್ಟೆಯಲ್ಲಿ ಯಾವುದು ಕಡಿಮೆಯಾಯಿತು, ಆ ಜಾಗಕ್ಕೆ ಏನು ಬಂತು ಅನ್ನುವುದನ್ನು ನೋಡಬೇಕು.

ನಾನು ಡಾಕ್ಟರ್ ಅಲ್ಲ. ಕೆಲಸದ ಮೇಲೆ ಎರಡು ವರ್ಷ ಗ್ರೀಸಿನ ಕ್ರೀಟ್ ದ್ವೀಪದಲ್ಲಿದ್ದೆ. ನನ್ನ ಅಪ್ಪನಿಗೂ ಹಾರ್ಟ್ ಅಟ್ಯಾಕ್ ಆಗಿತ್ತು. ಹಾಗಾಗಿ ಕಣ್ಣಲ್ಲಿ ನೋಡಿದ್ದು, ಕೂತು ಓದಿದ್ದು ಎರಡನ್ನೂ ಹೇಳುತ್ತೇನೆ.

ನಾವಿದ್ದ ಮನೆಯ ಕೆಳಗಡೆ ಓನರ್ ಅಜ್ಜಿ ಇದ್ದರು. ಎಂಬತ್ತು ದಾಟಿತ್ತು. ಬೇಸಿಗೆಯಲ್ಲಿ ಒಂದು ದಿನ ಊಟಕ್ಕೆ ಕರೆದರು. ಸಿಂಕಿನಲ್ಲಿ ತೊಳೆಯಲು ಹಾಕಿದ್ದ ಸೊಪ್ಪು ನೋಡಿ ನನಗೆ ಆಶ್ಚರ್ಯ. ನಮ್ಮ ದಂಟಿನ ಸೊಪ್ಪಿನ ಜಾತಿಯದೇ. ಅಲ್ಲಿ ಅದಕ್ಕೆ ವ್ಲೀತಾ ಅನ್ನುತ್ತಾರೆ. ಎಲೆ, ಎಳೆ ದಂಟು ಎಲ್ಲಾ ಸೇರಿಸಿ, ಒಂದೆರಡು ಆಲೂಗಡ್ಡೆ ಜೊತೆ ಉಪ್ಪು ನೀರಲ್ಲಿ ಮೆತ್ತಗೆ ಬೇಯಿಸಿ ಬಸಿದರು. ಅಗಲ ತಟ್ಟೆಗೆ ಹಾಕಿ, ಹಬೆ ಏಳುತ್ತಿರುವಾಗಲೇ ಮೇಲೆ ಆಲಿವ್ ಎಣ್ಣೆ ಸುರಿದು ನಿಂಬೆಹಣ್ಣು ಹಿಂಡಿದರು. ತಟ್ಟೆಯ ತಳದಲ್ಲಿ ಹಸಿರು ಎಣ್ಣೆ, ನಿಂಬೆರಸ ಬೆರೆತು ನಿಂತಿತ್ತು. ಅದನ್ನು ಬ್ರೆಡ್ಡಿನ ಚೂರಿನಲ್ಲಿ ಒರೆಸಿ ತಿನ್ನಬೇಕು.

ಅಷ್ಟೇ ಊಟ. ಇನ್ನೇನೋ ಬರುತ್ತದೆ ಅಂತ ನಾನು ಕಾಯುತ್ತಿದ್ದೆ, ಬರಲಿಲ್ಲ. ನಾವು ಎಲೆಯ ಮೂಲೆಗೆ ಬಡಿಸುವ ಪಲ್ಯದಷ್ಟು ಸೊಪ್ಪನ್ನು ಅವರು ಎರಡು ತುತ್ತಿಗೆ ಮುಗಿಸುತ್ತಿದ್ದರು. ಮಾರನೇ ದಿನ ಇಡೀ ಮಸೂರ್ ಕಾಳಿನ ಸಾರು, ಅದರ ಮಾರನೇ ದಿನ ಬಿಳಿ ಹುರುಳಿಕಾಯಿ ಬೀಜ ಅಥವಾ ಕಾಬೂಲಿ ಕಡಲೆ. ಮಾಂಸ ಭಾನುವಾರಕ್ಕೆ. ಅಲ್ಲಿನ ಆರ್ಥೊಡಾಕ್ಸ್ ಚರ್ಚಿನ ಉಪವಾಸದ ದಿನಗಳು ವರ್ಷಕ್ಕೆ 180ಕ್ಕೂ ಜಾಸ್ತಿ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಅಜ್ಜಿ ಅಷ್ಟನ್ನೂ ಪಾಲಿಸುತ್ತಿದ್ದರು.

ಮಳೆ ಬಿದ್ದ ಮೇಲೆ ಹೆಂಗಸರು ಚಾಕು, ಚೀಲ ಹಿಡಿದು ಗುಡ್ಡಕ್ಕೆ ಹೋಗಿ ಕಾಡು ಸೊಪ್ಪು ಆರಿಸಿಕೊಂಡು ಬರುತ್ತಾರೆ. ಇದಕ್ಕೆ ಹೋರ್ತಾ ಅಂತ ಹೆಸರು. ಮಂಡ್ಯ, ಹಾಸನದ ಕಡೆ ಹೊಲದಲ್ಲಿ ಬೆರಕೆ ಸೊಪ್ಪು ಕಿತ್ತು ತರುತ್ತಾರಲ್ಲ, ಥೇಟ್ ಹಾಗೇ. ಕೆಲವು ಗಿಡಗಳೂ ಒಂದೇ. ನಮ್ಮ ಗಣಿಕೆ ಸೊಪ್ಪನ್ನು, ಗೋಣಿ ಸೊಪ್ಪನ್ನು ಅವರೂ ತಿನ್ನುತ್ತಾರೆ.

ಈಗ ಪುರಾವೆಗೆ ಬರೋಣ. 1958ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಏಳು ದೇಶಗಳ ಸುಮಾರು 12,700 ಗಂಡಸರ ಅಧ್ಯಯನ ಶುರು ಮಾಡಿದರು. ಹೃದಯದ ಕಾಯಿಲೆಯಿಂದ ಸಾಯುವವರು ಫಿನ್ಲೆಂಡಿನ ಪೂರ್ವ ಭಾಗದಲ್ಲಿ ತುಂಬಾ ಜಾಸ್ತಿ, ಕ್ರೀಟಿನಲ್ಲಿ ತುಂಬಾ ಕಡಿಮೆ. ವಿಚಿತ್ರ ಏನೆಂದರೆ ಕ್ರೀಟಿನವರು ಕೊಬ್ಬು ಕಡಿಮೆ ತಿನ್ನುತ್ತಿರಲಿಲ್ಲ. ಊಟದಿಂದ ಅವರಿಗೆ ಸಿಗುತ್ತಿದ್ದ ಶಕ್ತಿಯ ಸುಮಾರು ಶೇ. 40 ಭಾಗ ಕೊಬ್ಬಿನಿಂದಲೇ ಬರುತ್ತಿತ್ತು, ಹೆಚ್ಚಿನಂಶ ಆಲಿವ್ ಎಣ್ಣೆ. ಆದರೆ ಅವರು ದಿನವಿಡೀ ಹೊಲದಲ್ಲಿ ದುಡಿಯುವ ರೈತರು. ಊಟದಿಂದಲೇ ಹೀಗಾಯಿತು ಅಂತ ಇದೊಂದರಿಂದ ಹೇಳುವ ಹಾಗಿಲ್ಲ.

ಹಾಗೆ ಹೇಳಲು ಪ್ರಯೋಗ ಬೇಕು. ನಿಮ್ಮ ತಂದೆಯವರಿಗೆ ಹತ್ತಿರವಾದದ್ದು ಫ್ರಾನ್ಸಿನ ಲಿಯೋನ್‌ನಲ್ಲಿ ನಡೆದದ್ದು. ಆಗಲೇ ಒಂದು ಸಲ ಹಾರ್ಟ್ ಅಟ್ಯಾಕ್ ಆಗಿದ್ದ 605 ಜನರನ್ನು ಎರಡು ಗುಂಪು ಮಾಡಿದರು. ಮೆಡಿಟರೇನಿಯನ್ ಊಟದ ಗುಂಪಿನಲ್ಲಿ ಮತ್ತೆ ಹೃದಯದ ತೊಂದರೆ ಬರುವುದು ಅರ್ಧಕ್ಕಿಂತ ಕಡಿಮೆಯಾಯಿತು. ಕೊನೆಯ ವರದಿ ಬಂದದ್ದು 1999ರಲ್ಲಿ. ಆ ಗುಂಪಿಗೆ ಬೆಣ್ಣೆಯ ಬದಲು ಕೊಟ್ಟದ್ದು ಕ್ಯಾನೋಲಾ (ಸಾಸಿವೆ ಜಾತಿಯ ಒಂದು ಬೀಜ) ಎಣ್ಣೆಯಿಂದ ಮಾಡಿದ ಮಾರ್ಗರಿನ್, ಅಂದರೆ ಬೆಣ್ಣೆಯ ಹಾಗೆ ಬ್ರೆಡ್ಡಿಗೆ ಹಚ್ಚುವ ಪದಾರ್ಥ. ಆಲಿವ್ ಎಣ್ಣೆಯೇ ಆಗಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎಲ್ಲರೂ ಹೆಸರು ಹೇಳುವುದು ಸ್ಪೇನಿನ ಪ್ರೆಡಿಮೆಡ್ ಅಧ್ಯಯನ. ಹೃದಯದ ಕಾಯಿಲೆ ಇನ್ನೂ ಬಂದಿರದ, ಆದರೆ ಬರುವ ಅಪಾಯ ಜಾಸ್ತಿ ಇದ್ದ 7,447 ಜನ. ಒಂದು ಗುಂಪಿಗೆ ಮನೆಗೆ ವಾರಕ್ಕೊಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್ (ರಿಫೈನ್ ಮಾಡದೆ ಹಿಂಡಿ ತೆಗೆದ) ಆಲಿವ್ ಎಣ್ಣೆ ಕೊಟ್ಟರು. ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಆಕ್ರೋಟು, ಬಾದಾಮಿ, ಹೇಜಲ್‌ನಟ್. ಮೂರನೇ ಗುಂಪಿಗೆ ಕೊಬ್ಬು ಕಡಿಮೆ ಮಾಡಿ ಅನ್ನುವ ಸಲಹೆ. ಸುಮಾರು ಐದು ವರ್ಷದ ನಂತರ ಮೊದಲೆರಡು ಗುಂಪಿನಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಕಾಯಿಲೆಯಿಂದ ಸಾವು ಒಟ್ಟಾಗಿ ಸುಮಾರು ಶೇ. 30 ಕಡಿಮೆ. ಸ್ಟ್ರೋಕ್ ಕಡಿಮೆಯಾದದ್ದೇ ಎದ್ದು ಕಾಣುತ್ತಿತ್ತು.

2013ರ ಈ ವರದಿಯನ್ನು 2018ರಲ್ಲಿ ಹಿಂದಕ್ಕೆ ತೆಗೆದುಕೊಂಡರು ಅಂತ ನೀವು ಎಲ್ಲಾದರೂ ಓದಬಹುದು. ಅದು ನಿಜ. ಜನರನ್ನು ಗುಂಪುಗಳಿಗೆ ಹಂಚುವಾಗ ಕೆಲವು ಕಡೆ ತಪ್ಪಾಗಿತ್ತು. ಒಬ್ಬೊಬ್ಬರಿಗೂ ಚೀಟಿ ಎತ್ತಿದ ಹಾಗೆ ಹಂಚುವ ಬದಲು ಒಂದೇ ಮನೆಯವರನ್ನು ಒಂದೇ ಗುಂಪಿಗೆ ಹಾಕಿದ್ದರು. ಲೆಕ್ಕವನ್ನು ಮತ್ತೆ ಮಾಡಿ ಅದೇ ವರ್ಷ ಪ್ರಕಟಿಸಿದರು, ಫಲಿತಾಂಶ ಹೆಚ್ಚು ಕಡಿಮೆ ಅದೇ ಬಂತು. ಶೇ. 30 ಅನ್ನುವುದನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಿ. ನೂರು ಜನರಲ್ಲಿ ನಾಲ್ಕು ಚಿಲ್ಲರೆ ಜನರಿಗೆ ಆಗುತ್ತಿದ್ದದ್ದು ಮೂರೂವರೆ ಆಸುಪಾಸಿಗೆ ಇಳಿಯಿತು. ಬರೀ ಊಟದಿಂದ ಇಷ್ಟಾಗುವುದು ನನ್ನ ಪ್ರಕಾರ ದೊಡ್ಡದೇ. ಆದರೆ ಮಾತ್ರೆ ಬಿಡಲು ಇದು ಕಾರಣ ಆಗಬಾರದು.

2022ರಲ್ಲಿ ಸ್ಪೇನಿನ ಕಾರ್ಡೋಬಾದಿಂದ ಇನ್ನೊಂದು ವರದಿ ಬಂತು. ಹೃದ್ರೋಗ ಇದ್ದ 1,002 ಜನ, ಏಳು ವರ್ಷ. ಕೊಬ್ಬು ಕಡಿಮೆ ಮಾಡಿದ ಊಟಕ್ಕಿಂತ ಮೆಡಿಟರೇನಿಯನ್ ಊಟವೇ ಮೇಲು ಅಂತ ಅಲ್ಲೂ ಕಂಡಿತು. ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಕಡಿಮೆಯಾಗುವುದು, ಬಿಪಿ ಸ್ವಲ್ಪ ಇಳಿಯುವುದು, ಇವಕ್ಕೂ ಪುರಾವೆ ಇದೆ. ತೂಕ ಮಾತ್ರ ತನ್ನಷ್ಟಕ್ಕೆ ಇಳಿಯುತ್ತದೆ ಅಂದುಕೊಳ್ಳಬೇಡಿ.

ಎಣ್ಣೆ ವಿಷಯ. ಕ್ರೀಟಿನಲ್ಲಿ ನವೆಂಬರ್ ಸುಮಾರಿಗೆ ಹೊಸ ಎಣ್ಣೆ ಬರುತ್ತದೆ. ಅಜ್ಜಿ ಒಂದು ಚಮಚ ಹಾಗೇ ಕುಡಿಯಲು ಕೊಟ್ಟರು. ಕತ್ತರಿಸಿದ ಹುಲ್ಲಿನ ವಾಸನೆ. ನುಂಗಿದ ಮೇಲೆ ಗಂಟಲು ಚುರುಗುಟ್ಟಿ ಕೆಮ್ಮು ಬಂತು. ಅಜ್ಜಿಗೆ ಖುಷಿ, ಕೆಮ್ಮು ಬಂದರೆ ಎಣ್ಣೆ ಒಳ್ಳೆಯದು ಅಂತ ಲೆಕ್ಕ. ಆ ಉರಿಗೆ ಕಾರಣ ಒಲಿಯೋಕ್ಯಾಂಥಾಲ್ ಅನ್ನುವ ಪದಾರ್ಥ. ನೋವಿಗೆ ನುಂಗುವ ಐಬುಪ್ರೊಫೆನ್ ದೇಹದಲ್ಲಿ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ ಅಂತ 2005ರಲ್ಲಿ ಗೊತ್ತಾಯಿತು. ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಪೋಮಸ್ ಆಲಿವ್ ಎಣ್ಣೆಯಲ್ಲಿ ಈ ಗುಣ ಉಳಿದಿರುವುದಿಲ್ಲ. ಅದು ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ತೆಗೆದು ರಿಫೈನ್ ಮಾಡಿದ್ದು. ಅದಕ್ಕೆ ದಯವಿಟ್ಟು ದುಡ್ಡು ಹಾಕಬೇಡಿ. ಕೈಗೆಟುಕಿದರೆ ಎಕ್ಸ್‌ಟ್ರಾ ವರ್ಜಿನ್ ಸಣ್ಣ ಬಾಟಲಿ ತಂದು ಬೇಯಿಸಿದ ಸೊಪ್ಪು, ಕೋಸಂಬರಿ ಮೇಲೆ ಹಾಕಿ. ಇಲ್ಲದಿದ್ದರೆ ಕಡಲೆಕಾಯಿ ಎಣ್ಣೆ ಸಾಕು. ಆಲಿವ್ ಎಣ್ಣೆಯಲ್ಲಿ ಮುಖ್ಯವಾಗಿರುವುದು ಒಲೀಕ್ ಆಮ್ಲ ಅನ್ನುವ ಕೊಬ್ಬಿನ ಅಂಶ, ಕಡಲೆಕಾಯಿ ಎಣ್ಣೆಯಲ್ಲೂ ಹೆಚ್ಚು ಕಡಿಮೆ ಅರ್ಧ ಭಾಗ ಅದೇ.

ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟು. ಅಪ್ಪನ ತಟ್ಟೆಯಲ್ಲಿ ಅನ್ನ ಅರ್ಧ ಆಯಿತು, ಆ ಜಾಗಕ್ಕೆ ಸೊಪ್ಪು, ಕಾಳು ಬಂದವು. ಬಸ್ಸಾರು ಮಾಡಿದ ದಿನ ಪಲ್ಯವೇ ಊಟ, ಮುದ್ದೆ ಸಣ್ಣದು. ಸಂಜೆ ಬೇಕರಿ ಪಫ್, ಬಿಸ್ಕತ್ತಿನ ಬದಲು ಒಂದು ಹಿಡಿ ಉಪ್ಪಿಲ್ಲದ ಕಡಲೆಬೀಜ, ನಾಲ್ಕು ಬಾದಾಮಿ. ವಾರಕ್ಕೆರಡು ಸಲ ಬಂಗುಡೆ ಅಥವಾ ಬೂತಾಯಿ, ಕರಿದು ಅಲ್ಲ, ಸಾರು. ಮೊದಲ ಹದಿನೈದು ದಿನ ಅಪ್ಪನಿಗೆ ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತಿರಲಿಲ್ಲ. ಕಾಳಿನ ಪ್ರಮಾಣ ಜಾಸ್ತಿ ಮಾಡಿದ ಮೇಲೆ ಸರಿಹೋಯಿತು. ವೈನ್ ಒಳ್ಳೆಯದಂತೆ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಕುಡಿಯದವರು ಹೃದಯಕ್ಕಾಗಿ ಕುಡಿಯಲು ಶುರು ಮಾಡಬಾರದು.

ಒಂದು ಎಚ್ಚರಿಕೆ. ಸೊಪ್ಪು ಒಮ್ಮೆಲೇ ಜಾಸ್ತಿ ಮಾಡುವ ಮುಂಚೆ ತಂದೆಯವರ ಮಾತ್ರೆ ಚೀಟಿ ನೋಡಿ. ಸ್ಟೆಂಟ್ ಆದವರಿಗೆ ಸಾಮಾನ್ಯವಾಗಿ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಆದರೆ ಸೊಪ್ಪಿನಿಂದ ತೊಂದರೆ ಇಲ್ಲ. ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಇದ್ದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸ ಕಡಿಮೆ ಮಾಡುತ್ತದೆ. ಆಗ ಡಾಕ್ಟರನ್ನು ಕೇಳಿ, ದಿನಾ ಒಂದೇ ಅಳತೆಯಲ್ಲಿ ಕೊಡಿ. ಕಿಡ್ನಿ ತೊಂದರೆ ಇದ್ದರೂ ಮೊದಲು ಕೇಳಿಯೇ ಮುಂದುವರಿಯಿರಿ. ಚೀಟಿಯಲ್ಲಿರುವ ಮಾತ್ರೆಗಳ ಹೆಸರು ಗೊತ್ತಾಗದಿದ್ದರೆ ಔಷಧಿ ಅಂಗಡಿಯಲ್ಲಿ ತೋರಿಸಿ, ಹೇಳುತ್ತಾರೆ.